ಸಿದ್ದರಾಜುವಿನ ಕಳ್ಳಿ ಚಾವಣಿ

ಹೆಮ್ಮಿಗೆಯಲ್ಲಿ ನೀರಿಗೆ ಬರವಿಲ್ಲ. ನಾಲೆ ಊರನ್ನು ಬಳಸಿಕೊಂಡೇ ಹರಿಯುತ್ತದೆ. ಗದ್ದೆಗೆ ನೀರು, ತೆಂಗಿಗೆ ನೀರು, ಎಮ್ಮೆ ಮೈ ತೊಳೆಯಲು ನೀರು. ಅಂಥ ಊರಲ್ಲಿ, ನಾಲೆಗೆ ಮುಖ ಮಾಡಿಕೊಂಡ ಸಿಮೆಂಟ್ ಸೀಟಿನ ಚಾವಣಿಯ ಮನೆಯೊಂದರಲ್ಲಿ, ಪವಿತ್ರಾ ಎಂಬ ಹೆಂಗಸು ದಿನಕ್ಕೆ ಐದು ಲೋಟ ನೀರಿನಲ್ಲಿ ಬದುಕುತ್ತಿದ್ದಳು. ಲೋಟವೆಂದರೆ ಕಾಫಿ ಕುಡಿಯುವ ಸಣ್ಣ ಸ್ಟೀಲ್ ಲೋಟ.

ಅವಳ ಎರಡು ಕಿಡ್ನಿಯೂ ಕೆಟ್ಟು ಒಂದೂವರೆ ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ನರಸೀಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕುಡಿದ ನೀರು ಮೈಯಿಂದ ಹೊರಗೆ ಹೋಗುವುದು ಆ ಎರಡು ದಿನ, ಆ ಮಿಷನ್ನಿನಲ್ಲಿ ಮಾತ್ರ. ಮಿಕ್ಕ ದಿನ ಕುಡಿದದ್ದು ಒಳಗೇ ನಿಲ್ಲುತ್ತದೆ. ಕಾಲು ಊದುತ್ತದೆ, ಮುಖ ಊದುತ್ತದೆ, ಹೆಚ್ಚಾದರೆ ಎದೆಗೆ ಏರುತ್ತದೆ.

"ಹಣ್ಣು, ಎಳನೀರು ಮುಟ್ಟಬೇಡಿ. ಸಾರು, ಕಾಫಿ, ಮಾತ್ರೆ ನುಂಗೋ ನೀರು ಎಲ್ಲಾ ಸೇರಿ ಅರ್ಧ ಲೀಟರು," ಎಂದಿದ್ದರು ಡಾಕ್ಟರು. "ಮಳೆಗಾಲ, ಚಳಿಗಾಲ ಹೇಗೋ ಕಳೀತೀರ. ಬೇಸಿಗೆ ದಾಟಿಸೋದೇ ಕಷ್ಟ."

ಮೊದಲ ಬೇಸಿಗೆ ದಾಟಿದ್ದಳು. ಆದರೆ ಎರಡು ಸಲ ಆಸ್ಪತ್ರೆಗೆ ಓಡಿದ್ದಾಯಿತು. ಎರಡನೆಯದು ಮುಂದಿತ್ತು.

ಅವಳ ಗಂಡ ಸಿದ್ದರಾಜು ಪಕ್ಕದೂರಿನ ಹೈಸ್ಕೂಲಿನಲ್ಲಿ ಜವಾನ. ಬೆಲ್ ಹೊಡೆಯುವುದು, ಬೀಗ ತೆಗೆಯುವುದು, ಕೊಠಡಿ ಗುಡಿಸುವುದು, ಮಕ್ಕಳು ಕುಡಿಯುವ ನೀರಿನ ಡ್ರಮ್ ತುಂಬುವುದು. ಏಳನೇ ಕ್ಲಾಸಿಗೆ ಓದು ಬಿಟ್ಟವನು. ಮಾತು ಕಡಿಮೆ. ಮಕ್ಕಳಾಗಲಿಲ್ಲ. ಪವಿತ್ರಾಳ ಕಾಯಿಲೆ ಬಂದ ಮೇಲೆ ಅವನು ಮನೆಯಲ್ಲಿ ಅವಳ ಎದುರಿಗೆ ನೀರು ಕುಡಿಯುವುದನ್ನು ಬಿಟ್ಟಿದ್ದ. ಬಾಯಾರಿದರೆ ಹಿತ್ತಿಲಿಗೆ ಹೋಗಿ ಕೊಳಾಯಿಗೆ ಬಾಯಿಟ್ಟು ಬರುತ್ತಿದ್ದ. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಜನವರಿಯಲ್ಲಿ ಒಂದು ದಿನ ವಿಜ್ಞಾನದ ಸುನೀತಾ ಮಿಸ್ ಅವನನ್ನು ಕರೆದರು.

"ಸಿದ್ದರಾಜು, ನಂಗೆ ಮರುಭೂಮಿ ಗಿಡ ಬೇಕಲ್ಲ."

"ಮರುಭೂಮಿ ಎಲ್ಲದೆ ಮಿಸ್ ಇಲ್ಲಿ? ನಾಲೆ ಏರಿ ಮೇಲೆ ಕೆಸವಿನ ಸೊಪ್ಪು ಬೇಕಾದ್ರೆ ಕುಯ್ಕಬತ್ತೀನಿ."

"ಕಳ್ಳಿ ಸಿಕ್ಕಲ್ವಾ?"

"ಕಳ್ಳಿಯಾ? ಕವಲಂದೇಲಿ ನಮ್ಮತ್ತೆ ಒಲದ ಬೇಲಿ ಪೂರ್ತಿ ಅದೇಯ."

ಭಾನುವಾರ ಟಿವಿಎಸ್ ಹತ್ತಿ ನಂಜನಗೂಡಿನ ಮೇಲೆ ಕವಲಂದೆಗೆ ಹೋದ. ಅಲ್ಲಿ ಬೇರೆಯೇ ನೆಲ. ಮಳೆ ಬಂದರೆ ಬೆಳೆ, ಇಲ್ಲವಾದರೆ ಇಲ್ಲ. ಅತ್ತೆ, ಪವಿತ್ರಾಳ ತಾಯಿ ಚಿಕ್ಕಮಾದಮ್ಮ, ಕುಡುಗೋಲು ಹಿಡಿದು ತಾನೇ ಬೇಲಿಗೆ ಇಳಿದಳು.

"ಕಣ್ಣಿಗೆ ಕಳ್ಳಿ ಆಲು ಎಗ್ರೀತು, ಉಸಾರು. ಅಲ್ಲಾ ಕಣಪ್ಪಾ, ಇಸ್ಕೂಲ್ಗೆ ಕಳ್ಳಿ ಯಾತಕ್ಕೆ? ಐಕ್ಳಿಗೆ ಒಡೆಯಕಾ?"

"ಪಾಠ ಮಾಡಕಂತೆ ಅತ್ತೆ."

"ಕಳ್ಳೀಲಿ ಪಾಠವಾ! ನಾನು ಉಟ್ಟಿದಾಗ್ಲಿಂದ ನೋಡ್ತಾ ಇವ್ನಿ, ಅದು ನಂಗೇನೂ ಕಲಿಸ್ಲಿಲ್ಲ." ನಕ್ಕಳು. ಆಮೇಲೆ ದನಿ ಇಳಿಸಿ ಕೇಳಿದಳು. "ಅವ್ಳು ಎಂಗವ್ಳೆ?"

"ಅವ್ಳೆ."

ಚಿಕ್ಕಮಾದಮ್ಮ ಇನ್ನೊಂದು ತುಂಡು ಕಡಿದು ಗೋಣಿಚೀಲಕ್ಕೆ ಹಾಕಿದಳು.

ಸೋಮವಾರ ಒಂಬತ್ತನೇ ಕ್ಲಾಸಿನ ಮೇಜಿನ ಮೇಲೆ ಕಳ್ಳಿ ತುಂಡುಗಳನ್ನು ಜೋಡಿಸಿ, ಖಾಲಿ ಗೋಣಿಚೀಲ ಹಿಡಿದು ಸಿದ್ದರಾಜು ಬಾಗಿಲಲ್ಲೇ ನಿಂತ. ಮಿಸ್ ಬೋರ್ಡಿನ ಮೇಲೆ ಬಯೋಮಿಮಿಕ್ರಿ ಎಂದು ಬರೆದರು. ಹಿಂದಿನ ಬೆಂಚಿನವನೊಬ್ಬ ಎದ್ದುನಿಂತು ಮೂಗು ಹಿಡಿದು, ಥೇಟ್ ಹೆಡ್‌ಮಾಸ್ಟರ ದನಿಯಲ್ಲಿ, "ಸೈಲೆನ್ಸ್! ಯಾರದು ಗಲಾಟೆ?" ಎಂದ. ಕ್ಲಾಸೆಲ್ಲ ಗೊಳ್ಳೆಂದಿತು. ಮಿಸ್ಸೂ ನಕ್ಕರು.

"ಅದೇ ಕಣೋ. ನೀನು ಹೆಡ್‌ಮಾಸ್ಟರನ್ನ ನೋಡಿ ಕಲ್ತೆ. ನಾವು ಗಿಡ ನೋಡಿ ಕಲಿಯೋದು. ಈ ಕಳ್ಳಿ ಮೈ ನೋಡಿ. ಹೊಲದಲ್ಲಿ ಸಾಲು ಹೊಡೆದ ಹಾಗೆ ದಿಂಡು, ನಡುವೆ ತಗ್ಗು. ಯಾಕೆ?"

ಮಿಸ್ ಕಳ್ಳಿ ತುಂಡನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ದಿಂಡಿನ ನೆರಳು ತಗ್ಗಿನಲ್ಲಿ ಬಿತ್ತು.

"ತನ್ನ ನೆರಳನ್ನ ತಾನೇ ಮಾಡ್ಕೊಳ್ಳುತ್ತೆ. ಮೈಯ ಅರ್ಧ ಭಾಗ ಯಾವಾಗಲೂ ನೆರಳಲ್ಲಿ. ಅದಕ್ಕೇ ಸುಡಲ್ಲ. ಮೈ ತುಂಬ ಮೇಣ ಬಳಿದಿದೆ. ಉಸಿರಾಡೋ ಸಣ್ಣ ಸಣ್ಣ ಬಾಯಿಗಳಿವೆ, ಅದನ್ನ ಹಗಲು ಮುಚ್ಚಿ ರಾತ್ರಿ ತೆರೆಯುತ್ತೆ. ಅದರ ಬುದ್ಧಿವಂತಿಕೆ ಏನು ಗೊತ್ತಾ? ಕುಡಿದ ನೀರನ್ನ ಹೊರಗೆ ಬಿಡಲ್ಲ."

ಸಿದ್ದರಾಜು ಬಾಗಿಲಲ್ಲಿ ಕಾಲು ಬದಲಿಸಿ ನಿಂತ. ಕ್ಲಾಸು ಮುಗಿದು ಮಕ್ಕಳು ಹೋದ ಮೇಲೆ ಕೇಳಿದ.

"ಮಿಸ್, ಕುಡಿದ ನೀರ ಒರಗೆ ಬುಡದೆ ಇರದು ಒಳ್ಳೇದಾ?"

"ಗಿಡಕ್ಕೆ ಒಳ್ಳೇದು. ಯಾಕೆ?"

"ಸುಮ್ಕೆ ಕೇಳ್ದೆ."

ಮಿಸ್‌ಗೆ ಪವಿತ್ರಾಳ ಕಾಯಿಲೆಯ ವಿಷಯ ತಿಳಿದಿರಲಿಲ್ಲ. ಸಾಯಂಕಾಲ ಬೇರೆ ಮೇಷ್ಟರು ಹೇಳಿ ತಿಳಿಯಿತು. ಮಾರನೆಯ ದಿನ ಬೆಳಿಗ್ಗೆ ಅವನ ಮುಖ ನೋಡಿ ಏನೋ ಹೇಳಲು ಹೊರಟರು. ಅವನು ಅದಕ್ಕೆ ಅವಕಾಶ ಕೊಡದೆ, "ಮಿಸ್, ನಮ್ಮನೆ ಬಾಗ್ಲಲ್ಲಿ ಒಂದು ಲೋಳೆಸರ ತಲೆಕೆಳಗಾಗಿ ನೇತಾಕಿವಿ. ಒಂದೂವರೆ ವರ್ಸ ಆಯ್ತು. ಮಣ್ಣಿಲ್ಲ, ಒಂದು ತೊಟ್ಟು ನೀರಿಲ್ಲ. ಇನ್ನೂವೆ ಅಸ್ರಾಗದೆ. ತರ್‍ಲಾ?" ಎಂದ.

ಅದನ್ನು ನೇತುಹಾಕಿದವಳು ಚಿಕ್ಕಮಾದಮ್ಮ. ಮಗಳಿಗೆ ಕಾಯಿಲೆ ಬಂದಾಗ ದೃಷ್ಟಿ ತಾಗಿದೆ ಎಂದು ಕವಲಂದೆಯಿಂದ ಬೇರು ಸಮೇತ ಕಿತ್ತು ತಂದು, ಕಪ್ಪು ದಾರದಲ್ಲಿ ಬಾಗಿಲಿಗೆ ಕಟ್ಟಿದ್ದಳು. ಸಿದ್ದರಾಜು ಅದನ್ನು ಬಿಚ್ಚಿ ಒಂದು ದಿನದ ಮಟ್ಟಿಗೆ ಸ್ಕೂಲಿಗೆ ತಂದ. ಮಕ್ಕಳು ಒಬ್ಬರಾದ ಮೇಲೊಬ್ಬರು ಮುಟ್ಟಿ ನೋಡಿದರು. ಗಾನವಿ ಎಂಬ ಹುಡುಗಿ, "ಸಿದ್ದಣ್ಣ, ಇದ್ಕೆ ಬಾಯಾರ್ಕೆ ಆಗಲ್ವಾ?" ಎಂದಳು.

"ಆಯ್ತದೇನೋ ಕಣವ್ವ. ಯೋಳಕ್ಕೆ ಬಾಯಿಲ್ಲ."

ಸಂಜೆ ಮತ್ತೆ ಬಾಗಿಲಿಗೆ ಕಟ್ಟಿದ. ಆದರೆ ಆ ಸುದ್ದಿ ಕವಲಂದೆಗೆ ಹೋಯಿತು. ಫೋನಿನಲ್ಲಿ ಚಿಕ್ಕಮಾದಮ್ಮ ಬೈದ ಬೈಗುಳ ಪಕ್ಕದ ಮನೆಗೂ ಕೇಳಿಸುವ ಹಾಗಿತ್ತು. "ಬಾಗ್ಲಿಗೆ ಕಟ್ಟಿದ್ದ ಬಿಚ್ಚಾರಾ ಯಾರಾದ್ರೂವೆ? ನಿಂಗೇನ್ ಬುದ್ಧಿ ಗಿದ್ಧಿ ಅದಾ ಅಳೀಮಯ್ಯ?" ಪವಿತ್ರಾ ಫೋನು ಇಸಕೊಂಡು, "ಬುಡವ್ವೋ, ಐಕ್ಳು ನೋಡಿದ್ರೆ ಗಿಡ ಸವೆದೋದದಾ?" ಎಂದಳು.

ಫೆಬ್ರವರಿಯ ಕೊನೆಗೆ ನರಸೀಪುರದಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಗಾನವಿ ಮತ್ತು ಇನ್ನಿಬ್ಬರು ಹುಡುಗಿಯರು ಎರಡು ಪುಟ್ಟ ತಗಡಿನ ಮನೆ ಮಾಡಿದರು. ಒಂದರ ಚಾವಣಿ ಬರೀ ತಗಡು. ಇನ್ನೊಂದರ ಮೇಲೆ ರಟ್ಟಿನ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಳ್ಳಿಯ ದಿಂಡಿನ ಹಾಗೆ ಸಾಲು ಮಾಡಿದ್ದರು. ಎರಡರೊಳಗೂ ಥರ್ಮಾಮೀಟರ್. ಸ್ಕೂಲಿನ ಅಂಗಳದ ಬಿಸಿಲಲ್ಲಿ ಎರಡು ಗಂಟೆ ಇಟ್ಟರು. ಕಾವಲಿಗೆ ಸಿದ್ದರಾಜು. ಕೊನೆಗೆ ನೋಡಿದರೆ ಪಟ್ಟಿಯ ಮನೆಯೊಳಗೆ ನಾಲ್ಕು ಡಿಗ್ರಿ ಕಡಿಮೆ.

"ಸೀಟಲ್ಲೂ ಅಲೆಅಲೆ ಇರ್ತದಲ್ಲ ಮಿಸ್. ಅದ್ಯಾಕೆ ಕಾಯ್ತದೆ?" ಎಂದ ಸಿದ್ದರಾಜು.

"ಆ ಅಲೆ ಗಿಡ್ಡ. ನೆರಳು ಬೀಳಲ್ಲ. ದಿಂಡು ಎತ್ತರ ಇರಬೇಕು, ನಡುವೆ ಗಾಳಿ ಆಡಬೇಕು."

ಅವನು ಬಹಳ ಹೊತ್ತು ಆ ಪುಟ್ಟ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಇದ ದೊಡ್ಡದು ಮಾಡಬೌದಾ ಮಿಸ್?"

ಸುನೀತಾ ಮಿಸ್‌ಗೆ ಅರ್ಥವಾಯಿತು. "ಮಾಡಿ ಸಿದ್ದರಾಜು," ಎಂದರು. ಲ್ಯಾಬಿನ ಒಂದು ಥರ್ಮಾಮೀಟರನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು.

ಊರವರು ಬೇಸಿಗೆಯಲ್ಲಿ ಸೀಟಿನ ಮೇಲೆ ತೆಂಗಿನ ಗರಿ ಹೊದಿಸುವುದುಂಟು. ಆದರೆ ಅವರು ಗರಿಯನ್ನು ಮಲಗಿಸುತ್ತಾರೆ. ಸಿದ್ದರಾಜು ನಿಲ್ಲಿಸಿದ. ಬಿದಿರು ಸೀಳಿ ದಬ್ಬೆಯ ಚೌಕಟ್ಟು ಕಟ್ಟಿ, ಗರಿ ಹೆಣೆದು, ಮೊಳದೆತ್ತರಕ್ಕೆ ಸಾಲುಸಾಲಾಗಿ ಸ್ವಲ್ಪ ವಾಲಿಸಿ ನಿಲ್ಲಿಸುತ್ತ ಬಂದ. ಸ್ಕೂಲಿಗೆ ಹೋಗುವ ಮುಂಚೆ ಸ್ವಲ್ಪ, ಬಂದ ಮೇಲೆ ಸ್ವಲ್ಪ. ಎದುರುಮನೆಯ ಮಾದಪ್ಪ ದಿನವೂ ಜಗುಲಿ ಮೇಲೆ ಕೂತು ನೋಡುವವನು.

"ಏನ್ಲಾ ಸಿದ್ದ, ಮನೆ ಮೇಲೆ ಬಾಚಣಿಗೆ ಮಡಗ್ತಿದ್ದೀಯಾ? ಯಾರ ತಲೆ ಬಾಚಕ್ಲಾ?"

"ಸೂರ್ಯಂಗೆ ಮಾವ."

"ಅವ್ನು ಬೋಳ ಕಣ್ಲಾ!"

ಒಳಗಿನಿಂದ ಪವಿತ್ರಾ ನಕ್ಕಿದ್ದು ಮೇಲಿದ್ದ ಅವನಿಗೆ ಕೇಳಿಸಿತು. ಎಷ್ಟು ದಿನವಾಗಿತ್ತೋ ಆ ನಗು ಕೇಳಿ. ಅವನು ಕೈಯಲ್ಲಿದ್ದ ದಬ್ಬೆ ಹಾಗೇ ಹಿಡಿದು ಒಂದು ಗಳಿಗೆ ಕೂತ.

ಹನ್ನೆರಡು ಸಾಲು ಮುಗಿಯಲು ಮಾರ್ಚಿ ಅರ್ಧವಾಯಿತು. ಮೊದಲು ಮಧ್ಯಾಹ್ನ ಮೂರಕ್ಕೆ ಮನೆಯೊಳಗೆ ನಲವತ್ತೊಂದು ತೋರಿಸುತ್ತಿದ್ದ ಥರ್ಮಾಮೀಟರು ಈಗ ಮೂವತ್ತಾರರಲ್ಲಿ ನಿಂತಿತು. ಗಾನವಿ ಸ್ಕೂಲು ಬಿಟ್ಟ ಮೇಲೆ ಬಂದು ಅದನ್ನು ನೋಡಿ ಬರೆದುಕೊಂಡು ಹೋಗುವಳು. ವಸ್ತುಪ್ರದರ್ಶನದಲ್ಲಿ ಅವರಿಗೆ ಬಹುಮಾನವೇನೂ ಬಂದಿರಲಿಲ್ಲ. ಆದರೂ ಅವಳು ಬರೆಯುವುದು ಬಿಡಲಿಲ್ಲ.

ಪವಿತ್ರಾಗೆ ಥರ್ಮಾಮೀಟರು ಬೇಕಿರಲಿಲ್ಲ. ಅವಳ ನಾಲಿಗೆಗೇ ಗೊತ್ತಾಗುತ್ತಿತ್ತು. ಅವಳು ನೀರು ಕುಡಿಯುವ ರೀತಿಯೇ ಬೇರೆ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಆ ಕೆನ್ನೆಗೆ ಈ ಕೆನ್ನೆಗೆ ಆಡಿಸಿ, ಅದು ಬಾಯಿಯಷ್ಟೇ ಬೆಚ್ಚಗಾದ ಮೇಲೆ ನುಂಗುವಳು. ಒಂದು ಲೋಟಕ್ಕೆ ಅರ್ಧ ಗಂಟೆ. ಒಂದು ಸಂಜೆ ಸಿದ್ದರಾಜು ಬರುವ ಹೊತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು.

"ಬನ್ನಿ ಇಲ್ಲಿ. ಇವತ್ತು ಒಂದು ಲೋಟ ಮಿಕ್ಕದೆ ಕಣಿ."

"ಯಾಕೆ, ಕುಡೀನಿಲ್ವಾ?"

"ಬಾಯಾರ್ಲಿಲ್ಲ. ದೇವ್ರಾಣೆ ಬಾಯಾರ್ಲಿಲ್ಲ. ನೀವು ಕುಡೀರಿ. ನನ್ನ ಮುಂದೇನೇ ಕುಡೀರಿ, ನೋಡಬೇಕು."

ಅವನು ಕುಡಿದ. ಒಂದೂವರೆ ವರ್ಷದ ಮೇಲೆ ಅವಳ ಮುಂದೆ ಕುಡಿದ ನೀರು ಅದೊಂದೇ. ಖಾಲಿ ಲೋಟ ಅವಳ ಕೈಗೆ ಕೊಟ್ಟ.

ಆ ಮಂಗಳವಾರ ಆಸ್ಪತ್ರೆಯಲ್ಲಿ ತೂಕ ನೋಡಿದ ನರ್ಸಮ್ಮ, "ಏನ್ರೀ, ಈ ಬಿಸಿಲಲ್ಲಿ ಇಷ್ಟು ಚೆನ್ನಾಗಿ ಕಂಟ್ರೋಲ್ ಮಾಡಿದ್ದೀರ?" ಎಂದರು. ಪವಿತ್ರಾ ಗಂಡನ ಕಡೆ ಕೈ ತೋರಿಸಿ, "ನಮ್ಮನೇವ್ರು ನನ್ನ ಕಳ್ಳಿ ಗಿಡ ಮಾಡವ್ರೆ," ಎಂದಳು. ಬಸ್ಸಿನಲ್ಲಿ ಬರುವಾಗ ಇಬ್ಬರಿಗೂ ಒಂದೇ ಯೋಚನೆ. ಬೇಸಿಗೆ ದಾಟಿತು ಬಿಡು. ಇನ್ನೊಂದು ಒಂದೂವರೆ ತಿಂಗಳು. ಮಳೆ ಬಂದರೆ ಆಯಿತು. ಆ ಧೈರ್ಯವೇ ಮುಂದಕ್ಕೆ ಮುಳುವಾಯಿತು.

ರಾಮನವಮಿ ಭಾನುವಾರ ಬಂತು. ಬೀದಿ ಕೊನೆಯಲ್ಲಿ ಚಪ್ಪರ ಹಾಕಿ, ಹಂಡೆಯಲ್ಲಿ ಪಾನಕ, ಗುಡಾಣದಲ್ಲಿ ನೀರುಮಜ್ಜಿಗೆ. ಹಂಚುವ ಕೆಲಸಕ್ಕೆ ಸಿದ್ದರಾಜುವೂ ನಿಂತಿದ್ದ. ಕರಬೂಜ ಹಿಸುಕಿ, ಬೆಲ್ಲ, ಏಲಕ್ಕಿ ಹಾಕಿದ ಪಾನಕ. ದಾರಿಹೋಕರು, ಬಸ್ಸಿನವರು, ಆಟೋದವರು, ಎಲ್ಲರೂ ಎರಡೆರಡು ಲೋಟ ಎತ್ತಿ ಕುಡಿದು ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಹಂಡೆಯ ತಳ ಕಾಣುವಾಗ ಮಾದಪ್ಪ ಒಂದು ಚೊಂಬು ತುಂಬಿ ಅವನ ಕೈಗಿಟ್ಟ.

"ತಕ್ಕೊಂಡೋಗು. ದೇವ್ರ ಪ್ರಸಾದ. ನಿನ್ನ ಎಂಡ್ರು ವಸಿ ಬಾಯಿಗೆ ಬುಟ್ಕಳ್ಳಿ."

ಪ್ರಸಾದ ಬೇಡವೆಂದು ಸಿದ್ದರಾಜು ಹುಟ್ಟಿದಾಗಿನಿಂದ ಹೇಳಿದವನಲ್ಲ. ಅವಳೂ ಹಾಗೆಯೇ. ತೀರ್ಥ ಕೊಟ್ಟರೆ ಅದನ್ನು ಅವಳು ಐದು ಲೋಟಕ್ಕೆ ಸೇರಿಸುತ್ತಿರಲಿಲ್ಲ. ದೇವರು ಕೊಟ್ಟದ್ದನ್ನು ಅಳೆಯಬಾರದು ಎಂದು ಇಬ್ಬರೂ ನಂಬಿದ್ದರು. ಆದರೆ ತೀರ್ಥವೆಂದರೆ ಒಂದು ಉದ್ಧರಣೆ. ಇದು ಚೊಂಬು.

ಅವಳು ಚೊಂಬನ್ನು ನೋಡಿದಳು. ಏಲಕ್ಕಿಯ ವಾಸನೆ ಮನೆ ತುಂಬಿತು.

"ಒಂದು ಗುಟುಕು ಸಾಕು," ಎಂದಳು.

ಒಂದು ಗುಟುಕು ಕುಡಿದಳು. ಅಂದು ಕೆನ್ನೆಗೆ ಆಡಿಸಲಿಲ್ಲ. ಹಾಗೇ ನುಂಗಿದಳು. ಮತ್ತೆ ಅವನ ಮುಖ ನೋಡಿದಳು. ಆ ನೋಟಕ್ಕೆ ಅವನು ಬೇಡ ಎನ್ನಬೇಕಾಗಿತ್ತು. ಥರ್ಮಾಮೀಟರಿನ ಕಡೆ ತಿರುಗಿ ನೋಡಿದ. ಮೂವತ್ತಾರು.

"ಕುಡಿ ಕಣಮ್ಮಿ," ಎಂದ. "ದೇವ್ರದು. ಮನೇನೂ ತಂಪಗದೆ. ಏನಾಗಲ್ಲ."

ಅವಳು ಚೊಂಬೆತ್ತಿ ಗಟಗಟ ಕುಡಿದಳು. ಗಂಟಲು ಆಡುವುದನ್ನು ಅವನು ನೋಡುತ್ತ ನಿಂತ. ಗಲ್ಲದಿಂದ ಸೋರಿದ್ದನ್ನೂ ಅಂಗೈಯಲ್ಲಿ ಹಿಡಿದು ನೆಕ್ಕಿದಳು. ಚೊಂಬು ಕೆಳಗಿಟ್ಟು, "ಅಬ್ಬಾ," ಎಂದಳು. ಅಷ್ಟು ಸುಖದ ದನಿ ಅವನು ಅವಳಿಂದ ಕೇಳಿರಲಿಲ್ಲ.

ಸೋಮವಾರ ಬೆಳಕು ಹರಿಯುವಾಗ ಅವಳು ಎದ್ದು ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಮಾದಪ್ಪ ಓಡಿಹೋಗಿ ಆಟೋ ತಂದ. ನಾಲೆ ಏರಿಯ ಮೇಲೆ ಆಟೋ ಹೋಗುವಾಗ ಅವಳು ಸಿದ್ದರಾಜುವಿನ ತೋಳು ಹಿಡಿದಿದ್ದಳು. ನರಸೀಪುರ ಇನ್ನೂ ಎರಡು ಮೈಲಿ ಇರುವಾಗ ಆ ಹಿಡಿತ ಸಡಿಲವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ತಲೆ ತಗ್ಗಿಸಿದರು. ಸಿದ್ದರಾಜು ಅವರನ್ನು ಪಕ್ಕಕ್ಕೆ ಕರೆದು ಪಾನಕದ ಮಾತು ಹೇಳಿದ.

"ಅದೊಂದರಿಂದಲೇ ಅಂತ ಹೇಳೋಕಾಗಲ್ಲ ಸಿದ್ದರಾಜು. ಅವರ ಹೃದಯ ಮೊದಲೇ ಸೋತಿತ್ತು," ಎಂದರು ಅವರು.

"ಅದರಿಂದ ಅಲ್ಲ ಅಂತ ಯೋಳಕ್ಕಾಯ್ತದಾ ಸಾ?"

ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

ಊರಲ್ಲಿ ಚಿಕ್ಕಮಾದಮ್ಮ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಹೇಳಿ ಅತ್ತಳು. ಬಾಗಿಲಿನ ಗಿಡ ಬಿಚ್ಚಬಾರದಿತ್ತು, ಬಿಚ್ಚಿದ ದಿನವೇ ದೃಷ್ಟಿ ಒಳಗೆ ಬಂತು. ಬಂದವರಿಗೆಲ್ಲ ಅದನ್ನೇ ಹೇಳಿದಳು. ಸಿದ್ದರಾಜು ಸುಮ್ಮನಿದ್ದ. ಹತ್ತು ದಿನ ಸುಮ್ಮನಿದ್ದ. ಲೋಳೆಸರ ಬಾಗಿಲಲ್ಲಿ ಹಸಿರಾಗಿಯೇ ನೇತಾಡುತ್ತಿತ್ತು.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಬಡಿಸಿ ಎಡೆ ಇಡುವುದು ಪದ್ಧತಿ. ಹೆಂಗಸರು ಒಬ್ಬಟ್ಟು, ವಡೆ, ಹುರುಳಿ ಸಾರು ಮಾಡಿದ್ದರು. ಸುನೀತಾ ಮಿಸ್ಸೂ ಗಾನವಿಯೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಎಲ್ಲ ಬಡಿಸಿಯಾದ ಮೇಲೆ ಸಿದ್ದರಾಜು ಕೊಳಾಯಿಯ ಹತ್ತಿರ ಹೋಗಿ ದೊಡ್ಡ ಹಿತ್ತಾಳೆ ಬಿಂದಿಗೆಯನ್ನು ತುಳುಕುವ ಹಾಗೆ ತುಂಬಿ, ಹೊತ್ತು ತಂದು ಎಲೆಯ ಪಕ್ಕ ಇಟ್ಟ. ಅದರ ಪಕ್ಕದಲ್ಲಿ ಅವಳ ಸಣ್ಣ ಸ್ಟೀಲ್ ಲೋಟ.

"ಎಡೆಗೆ ಒಂದು ಲೋಟ ನೀರು ಸಾಕಲ್ವೇನಪ್ಪ," ಎಂದಳೊಬ್ಬ ಮುದುಕಿ.

ಸಿದ್ದರಾಜು ಹೋಗಿ ಅತ್ತೆಯ ಮುಂದೆ ಕೂತ.

"ಅತ್ತೆ, ಗಿಡ ಬಿಚ್ಚಿದ್ದಕ್ಕಲ್ಲ. ರಾಮನವಮಿ ದಿನ ನಾನೇ ಪಾನಕ ಕೊಟ್ಟೆ. ಒಂದು ಚೊಂಬು. ಕುಡಿ ಅಂದೆ."

ಬಾಗಿಲ ಬಳಿ ಮಾದಪ್ಪ ಟವೆಲ್ಲು ಬಾಯಿಗೆ ಒತ್ತಿಕೊಂಡ. ಚಿಕ್ಕಮಾದಮ್ಮ ಅಳಿಯನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು.

"ಪೂರ್ತಿ ಕುಡಿದ್ಲಾ?" ಎಂದಳು.

"ಊ ಅತ್ತೆ."

"ವಟ್ಟೆ ತುಂಬಾ ಕುಡಿದ್ಲಾ?"

"ಕುಡಿದ್ಲು. ಅಬ್ಬಾ ಅಂದ್ಲು."

ಅವಳು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ, "ಅಷ್ಟಾದ್ರೂ ಕುಡಿದ್ಲಲ್ಲ ನನ್ನ ಕೂಸು," ಎಂದಳು. ಅವನ ತಲೆ ಸವರಲು ಕೈ ಚಾಚಿದಳು. ಸವರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು.

ಎಡೆಗೆ ಕೈ ಮುಗಿದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹೋದವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹಾಗೆ ಬಿಡುತ್ತಾರೆ. ಅಂಗಳದಲ್ಲಿ ಬೆಂಕಿಯಂಥ ಬಿಸಿಲು. ಚಾವಣಿಯ ಮೇಲಿನ ಹನ್ನೆರಡು ಸಾಲು ಗರಿ ಒಣಗಿ ಕಂದಾಗಿತ್ತು. ಆದರೂ ನಿಂತಿತ್ತು. ಗಾನವಿ ಅದನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಬರೆಯುವ ಪುಸ್ತಕವಿರಲಿಲ್ಲ.

ಐದು ನಿಮಿಷವಾಯಿತು, ಹತ್ತಾಯಿತು. ಮುದುಕರು ನೆರಳಿಗೆ ಸರಿದರು. ಮಾದಪ್ಪ ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದ.

"ಸಿದ್ದ, ಸಾಕು ಕಣ್ಲಾ. ಬಾಗ್ಲು ತಗಿ."

ಸಿದ್ದರಾಜು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

"ವಸಿ ತಡಿ ಮಾವ," ಎಂದ. "ಅವ್ಳು ನೀರು ಕುಡಿಯದು ನಿಧಾನ."